ಟೇಪಿನೊಳಗಿನ ವಾದ್ಯವೃಂದ

ರಾಕ್ ಸಂಗೀತ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಜೊತೆ ಬೆರೆತ ಇತಿಹಾಸ ಹೇಳುವವರು 1967ರ ನವೆಂಬರಿನಲ್ಲಿ ಹೊರಬಂದ 'ಡೇಸ್ ಆಫ್ ಫ್ಯೂಚರ್ ಪಾಸ್ಡ್' ಆಲ್ಬಮ್ಮನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಬರ್ಮಿಂಗ್‌ಹ್ಯಾಮ್‌ನ ಮೂಡಿ ಬ್ಲೂಸ್ ತಂಡವೂ ಲಂಡನ್ ಫೆಸ್ಟಿವಲ್ ಆರ್ಕೆಸ್ಟ್ರಾವೂ ಕೂಡಿ, ಮುಂಜಾವಿನಿಂದ ರಾತ್ರಿಯವರೆಗಿನ ಒಂದು ದಿನವನ್ನು ಅದರಲ್ಲಿ ಹಾಡಾಗಿಸಿದವು. ರಾಕ್ ತಂಡದ ಪಕ್ಕ ದೊಡ್ಡ ವಾದ್ಯವೃಂದ ಬಂದದ್ದೇ ಅದರ ಹೆಗ್ಗಳಿಕೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಧ್ವನಿಮುದ್ರಣ ನಡೆದ ಬಗೆ ಬೇರೆಯದನ್ನೇ ಹೇಳುತ್ತದೆ. ಎರಡು ಸಂಗೀತಗಳು ನಿಜವಾಗಿ ಬೆರೆತದ್ದು ತಂಡದೊಳಗೇ ಇದ್ದ ಮೆಲೊಟ್ರಾನ್ ಎಂಬ ಕೀಲಿಮಣೆ ವಾದ್ಯದಲ್ಲಿ.

ತಂಡದ ಹಾಡುಗಳನ್ನು ಹೊರತರುತ್ತಿದ್ದ ಡೆಕ್ಕಾ ಕಂಪನಿಗೆ ಆಗ ತನ್ನ ಹೊಸ ಸ್ಟೀರಿಯೊ ತಂತ್ರವನ್ನು ಜನರಿಗೆ ಕೇಳಿಸಿ ತೋರಿಸುವ ಆಸೆಯಿತ್ತು. ತಂಡ ಮೊದಲು ತನ್ನ ಹಾಡುಗಳನ್ನು ಮುದ್ರಿಸಿಕೊಟ್ಟಿತು. ಆ ಹಾಡುಗಳ ಧಾಟಿಯನ್ನೇ ಹಿಡಿದು ವಾದ್ಯವೃಂದದ ನಿರ್ದೇಶಕ ಪೀಟರ್ ನೈಟ್ ನಡುವಣ ಭಾಗಗಳನ್ನು ರಚಿಸಿದರು. ವಾದ್ಯವೃಂದ ಅವನ್ನು ಪ್ರತ್ಯೇಕವಾಗಿ ನುಡಿಸಿತು. ಎರಡನ್ನೂ ಟೇಪಿನಲ್ಲಿ ಜೋಡಿಸಲಾಯಿತು. ಹಾಗಾಗಿ ಆಲ್ಬಮ್ಮಿನ ಹೆಚ್ಚಿನ ಭಾಗದಲ್ಲಿ ಒಬ್ಬರು ನಿಲ್ಲಿಸಿದ ಮೇಲೆ ಇನ್ನೊಬ್ಬರು ಶುರುಮಾಡುತ್ತಾರೆ. ಮೆಲೊಟ್ರಾನಿನ ಸಂಗತಿ ಬೇರೆ. ಅದರ ಪ್ರತಿ ಕೀಲಿಯ ಕೆಳಗೂ ಒಂದೊಂದು ಟೇಪಿನ ಪಟ್ಟಿ. ಅದರ ಮೇಲೆ ಪಿಟೀಲೋ ಕೊಳಲೋ ನುಡಿದ ಒಂದು ಸ್ವರ. ಕೀಲಿ ಒತ್ತಿದರೆ ಪಟ್ಟಿ ಓಡುತ್ತದೆ, ಸುಮಾರು 8 ಸೆಕೆಂಡಿಗೆ ಮುಗಿದುಹೋಗುತ್ತದೆ. ಬೆರಳೆತ್ತಿದರೆ ಮೊದಲಿನ ಜಾಗಕ್ಕೆ ಮರಳುತ್ತದೆ. ತಂಡದಲ್ಲಿ ಅದನ್ನು ನುಡಿಸುತ್ತಿದ್ದ ಮೈಕ್ ಪಿಂಡರ್ ಈ ವಾದ್ಯ ತಯಾರಾಗುವ ಕಾರ್ಖಾನೆಯಲ್ಲೇ ದುಡಿದವರು, ಅದರ ಮಿತಿಯನ್ನೂ ಬಲವನ್ನೂ ಬಲ್ಲವರು. 'ನೈಟ್ಸ್ ಇನ್ ವೈಟ್ ಸ್ಯಾಟಿನ್' ಹಾಡಿನಲ್ಲಿ ತಂಡದ ಗಾಯಕ ಜಸ್ಟಿನ್ ಹೇವರ್ಡ್ ಅವರ ದನಿಯ ಹಿಂದೆ ಏರುವ ತಂತಿನಾದ ಬಹುಮಟ್ಟಿಗೆ ಪಿಂಡರ್ ಬೆರಳಿನದು. ವಾದ್ಯವೃಂದ ಮುನ್ನೆಲೆಗೆ ಬರುವುದು ಹಾಡಿನ ಕೊನೆಗೆ.

ಇದರಿಂದ ನೈಟ್ ಅವರ ಕೆಲಸವನ್ನು ಕೀಳುಗಳೆದಂತಾಗಲಿಲ್ಲವೇ ಎಂದು ಕೇಳಬಹುದು. ಇಲ್ಲ. ಬಿಡಿ ಹಾಡುಗಳು ಒಂದು ದಿನದ ಕಥನವಾಗಿ ಕೂಡಿದ್ದು ಅವರಿಂದಲೇ. ಆದರೆ ಹಾಡುಗಳನ್ನು ಪೋಣಿಸುವುದು ಒಂದು ಕೆಲಸ, ಹಾಡಿನ ಒಡಲಲ್ಲೇ ಸೇರುವುದು ಇನ್ನೊಂದು. ಮೆಲೊಟ್ರಾನ್ ಬರೀ ನಕಲು ಎಂಬ ಆಕ್ಷೇಪಕ್ಕೆ ಇನ್ನೂ ಹೆಚ್ಚು ತೂಕವಿದೆ. ಅದರೊಳಗಿದ್ದದ್ದು ಬೇರೆಯವರು ನುಡಿಸಿದ ಸ್ವರಗಳೇ. ಆದರೂ ಓಡುವ ಟೇಪಿನ ಸಣ್ಣ ಕಂಪನ ಆ ಸ್ವರಗಳಿಗೆ ಯಾವ ಪಿಟೀಲಿನಲ್ಲೂ ಇಲ್ಲದ ಮಬ್ಬನ್ನು, ವಿಷಾದವನ್ನು ಕೊಟ್ಟಿತು. ಕೇಳುಗರು ಮೆಚ್ಚಿದ್ದು ಆ ಬಣ್ಣವನ್ನು.

ಮುಂದೆ ನಡೆದದ್ದೂ ಇದನ್ನೇ ಹೇಳುತ್ತದೆ. ಮೂಡಿ ಬ್ಲೂಸ್ 1968ರ ಮುಂದಿನ ಆಲ್ಬಮ್ಮಿಗೆ ವಾದ್ಯವೃಂದವನ್ನು ಕರೆಯಲೇ ಇಲ್ಲ; ಮೆಲೊಟ್ರಾನನ್ನು ಬಿಡಲಿಲ್ಲ. 1969ರಲ್ಲಿ ಕಿಂಗ್ ಕ್ರಿಮ್ಸನ್ ತಂಡ ತನ್ನ ಮೊದಲ ಆಲ್ಬಮ್ಮಿನಲ್ಲಿ ಅದೇ ವಾದ್ಯದಿಂದ ಸಿಂಫನಿಯ ವಿಸ್ತಾರವನ್ನು ಸಾಧಿಸಿತು. ಅದೇ ವರ್ಷ ಡೀಪ್ ಪರ್ಪಲ್ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಾಯಲ್ ಫಿಲ್‌ಹಾರ್ಮೊನಿಕ್ ಆರ್ಕೆಸ್ಟ್ರಾದೊಂದಿಗೆ ನುಡಿಸಿದ ಕಾನ್ಸರ್ಟೊ ದೊಡ್ಡ ಸಾಹಸವೇ ಸರಿ, ಆದರೆ ತಂಡದ ಮುಂದಿನ ದಾರಿ ಗಡುಸು ರಾಕ್‌ನತ್ತ ಹೊರಳಿತು. ಈ ಬೆರಕೆಯ ಚರಿತ್ರೆ ಬರೆಯುವವರು ವಾದ್ಯವೃಂದದ ಹೆಸರಿಗಿಂತ ಮೊದಲು ಪಿಂಡರ್ ಹೆಸರನ್ನು ಬರೆಯಬೇಕು.