ಸಾ ಸ್ವೀ ಹಾಕ್ ವಿದ್ಯಾರ್ಥಿ ಕೇಂದ್ರ

ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನ ವಿದ್ಯಾರ್ಥಿ ಸೇವೆಗಳ ಕಟ್ಟಡ. ಡಬ್ಲಿನ್‌ನ ವಾಸ್ತುಶಿಲ್ಪಿಗಳಾದ ಶೀಲಾ ಓಡಾನೆಲ್ ಮತ್ತು ಜಾನ್ ಟೂಮಿ 2009ರ ಸ್ಪರ್ಧೆಯಲ್ಲಿ ಗೆದ್ದು ಇದನ್ನು ವಿನ್ಯಾಸಗೊಳಿಸಿದರು. 2014ರಲ್ಲಿ ಬಳಕೆಗೆ ತೆರೆಯಿತು. ದಾನಿಯಾದ ಸಿಂಗಪುರದ ಸಂಖ್ಯಾಶಾಸ್ತ್ರಜ್ಞರ ಹೆಸರನ್ನೇ ಇಟ್ಟಿದ್ದಾರೆ.

ನಿವೇಶನ ಇಕ್ಕಟ್ಟಾದದ್ದು, ಸುತ್ತ ಹಳೆಯ ಕಿರುಬೀದಿಗಳು. ನೆರೆಮನೆಯ ಕಿಟಕಿಗೆ ಬರುವ ಬೆಳಕನ್ನು ತಡೆಯಬಾರದೆಂಬುದು ಅಲ್ಲಿನ ಕಾನೂನು. ಆ ಬೆಳಕಿನ ಗೆರೆಗಳನ್ನು ಅನುಸರಿಸಿಯೇ ಗೋಡೆಗಳು ಓರೆಯಾಗಿ ಮಡಚಿಕೊಂಡು ಮೇಲೇರುತ್ತವೆ. ಅಡ್ಡಿಯೇ ಆಕಾರವಾದ ಇಂಥ ಉದಾಹರಣೆ ಅಪರೂಪ.

ಹೊರಮೈಯೆಲ್ಲ ಕೆಂಪು ಇಟ್ಟಿಗೆ. ಕೆಲವೆಡೆ ಇಟ್ಟಿಗೆ ಬಿಟ್ಟು ಇಟ್ಟಿಗೆ ಕಟ್ಟಿ, ನಮ್ಮ ಗುಡಿಗಳ ಜಾಲಂಧ್ರದಂತೆ ಸಂದುಗಳನ್ನು ಉಳಿಸಿದ್ದಾರೆ. ಹಗಲು ಬೆಳಕು ಈ ಸಂದುಗಳಿಂದ ಸೋಸಿ ಒಳಬರುತ್ತದೆ; ಕತ್ತಲಾದ ಮೇಲೆ ಒಳಗಿನ ದೀಪಗಳು ಬೀದಿಗೆ ಕಾಣುತ್ತವೆ. ಮೂಲೆಗಳು ಲಂಬಕೋನದಲ್ಲಿ ಇಲ್ಲದ್ದರಿಂದ ಸಾಮಾನ್ಯ ಇಟ್ಟಿಗೆ ಸಾಲದೆ, ಬೇರೆ ಬೇರೆ ಆಕಾರದ ವಿಶೇಷ ಇಟ್ಟಿಗೆಗಳನ್ನು ಮಾಡಿಸಬೇಕಾಯಿತು. ಗಾರೆಯವರ ಕೈಚಳಕ ಇಲ್ಲದಿದ್ದರೆ ಈ ವಿನ್ಯಾಸ ಕಾಗದದಲ್ಲೇ ಉಳಿಯುತ್ತಿತ್ತು.

ವಿದ್ಯಾರ್ಥಿ ಸಂಘ, ಉದ್ಯೋಗ ಮಾರ್ಗದರ್ಶನ ವಿಭಾಗ, ಪ್ರಾರ್ಥನಾ ಕೊಠಡಿಗಳು, ವ್ಯಾಯಾಮಶಾಲೆ, ಕೆಫೆ, ಪಬ್, ನೆಲಮಾಳಿಗೆಯ ಸಭಾಂಗಣ ಎಲ್ಲವೂ ಒಂದೇ ಸೂರಿನಡಿ ಇವೆ. ಇವನ್ನು ಬೆಸೆಯುವ ಮೆಟ್ಟಿಲುಸಾಲು ಅಗಲವಾಗಿದ್ದು, ಹತ್ತುವವರು ನಿಂತು ಮಾತಾಡಲು ಎಡೆ ಕೊಡುತ್ತದೆ. ಪರಿಸರ ಸ್ನೇಹಕ್ಕಾಗಿ ಬ್ರೀಯಂ ಮಾಪನದ ಅತ್ಯುನ್ನತ ಶ್ರೇಣಿ ಪಡೆದಿರುವ ಕಟ್ಟಡ, 2014ರ ಸ್ಟರ್ಲಿಂಗ್ ವಾಸ್ತುಶಿಲ್ಪ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು.