ಕಂಟ್ರೋಲ್: ಎರಡನೆಯ ಸುರುಳಿಯ ಕತೆ

ಬಿಪಿ ಕಂಟ್ರೋಲಿಗೆ ಬಂದಿದೆ ಎಂದು ಡಾಕ್ಟರು ಹೇಳಿದರೆ ಅಜ್ಜಿಗೂ ಅರ್ಥವಾಗುತ್ತದೆ. ಬಾಡಿಗೆ ಮನೆಯ ವ್ಯಾಜ್ಯವೆಂದರೆ 1961ರ ಕಾಯಿದೆಯ ಕಾಲದಿಂದಲೂ ‘ರೆಂಟ್ ಕಂಟ್ರೋಲ್’. ಟೀವಿಗೊಂದು ರಿಮೋಟ್ ಕಂಟ್ರೋಲು, ಪೊಲೀಸರಿಗೊಂದು ಕಂಟ್ರೋಲ್ ರೂಮು. ಇವೆಲ್ಲದರಲ್ಲೂ ಈ ಪದ ಹೇಳುವುದು ಒಂದನ್ನೇ: ಹಿಡಿತ. ಯಾರದೋ ಕೈಯಲ್ಲಿ ಯಾವುದೋ ಇದೆ ಎಂಬ ಭಾವ. ಆದರೆ ಪದ ಹುಟ್ಟಿದಾಗ ಅದರಲ್ಲಿ ಹಿಡಿತದ ಅರ್ಥ ಇರಲೇ ಇಲ್ಲ. ಆ ಮೊದಲ ಅರ್ಥ ಮಾತಿನ ಲೋಕದಲ್ಲಿ ಮಸುಕಾಗಿ ಹೋಗಿದೆ. ಅದು ಇನ್ನೂ ದಿನದ ಇಪ್ಪತ್ನಾಲ್ಕು ಗಂಟೆ ದುಡಿಯುತ್ತಿರುವ ಒಂದು ಜಾಗವಿದೆ. ಅಂತರ್ಜಾಲದ ಹೆದ್ದಾರಿಗಳಲ್ಲಿ ಕೂತ ದೊಡ್ಡ ರೂಟರುಗಳ ಒಳಗೆ ಜೋಡಿಯಾಗಿ ಇರುವ ‘ಕಂಟ್ರೋಲ್ ಬೋರ್ಡ್’ ಎಂಬ ಕಾರ್ಡುಗಳೇ ಆ ಜಾಗ.

ಮನೆಯ ಮೂಲೆಯಲ್ಲಿ ಮಿಣುಕುವ ವೈಫೈ ಪೆಟ್ಟಿಗೆಯೂ ರೂಟರೇ. ಆದರೆ ಇಲ್ಲಿ ಹೇಳುತ್ತಿರುವುದು ದೂರಸಂಪರ್ಕ ಕಂಪನಿಗಳ ಕಟ್ಟಡಗಳಲ್ಲಿ ಇರುವ ಭಾರೀ ಯಂತ್ರದ ಮಾತು. ಜುನಿಪರ್ ಕಂಪನಿ 2002ರಲ್ಲಿ ತಂದ ಟಿ640 ಅಂಥದ್ದು. ಅದು ಅಖಂಡವಾದ ಒಂದೇ ಯಂತ್ರವಲ್ಲ, ಕಾರ್ಡುಗಳನ್ನು ಸೇರಿಸಿ ತೆಗೆಯಬಲ್ಲ ಲೋಹದ ಗೂಡು. ಮುಂದುಗಡೆ ಎಂಟು ಸಾಲು ಕಾರ್ಡುಗಳಿಗೆ ಜಾಗ. ಊರೂರಿನ ಮಾಹಿತಿಯ ತುಣುಕುಗಳಾದ ಪ್ಯಾಕೆಟ್ಟುಗಳು ಹರಿದು ಹೋಗುವುದು ಅವುಗಳ ಮೂಲಕ. ಹಿಂದುಗಡೆ ಅವುಗಳ ದಾರಿ ಲೆಕ್ಕ ಹಾಕುವ ಎರಡು ರೂಟಿಂಗ್ ಎಂಜಿನ್, ಪ್ರತಿಯೊಂದಕ್ಕೂ ಜೊತೆಯಾಗಿ ಒಂದು ಕಂಟ್ರೋಲ್ ಬೋರ್ಡ್. ಯಾವ ಕಾರ್ಡಿಗೆ ವಿದ್ಯುತ್ ಹೋಗಬೇಕು, ಫ್ಯಾನು ಎಷ್ಟು ವೇಗದಲ್ಲಿ ತಿರುಗಬೇಕು, ಎರಡು ಎಂಜಿನ್ನುಗಳಲ್ಲಿ ಈಗ ಯಾವುದು ಯಜಮಾನ ಎಂಬುದೆಲ್ಲ ಈ ಬೋರ್ಡಿನ ಜವಾಬ್ದಾರಿ. ಪ್ಯಾಕೆಟ್ಟುಗಳ ಪ್ರವಾಹ ಮಾತ್ರ ಇದರ ಮೈಮೇಲೆ ಹರಿಯುವುದಿಲ್ಲ.

ಬೋರ್ಡಿನ ಮುಖದ ಮೇಲೆ ಮೂರು ಪುಟ್ಟ ದೀಪಗಳಿವೆ. ಎಲ್ಲ ಸರಿಯಿದ್ದರೆ ಹಸಿರು, ಬೋರ್ಡು ಕೆಟ್ಟರೆ ಅಂಬರು, ಈ ಬೋರ್ಡೇ ಯಜಮಾನನ ಸ್ಥಾನದಲ್ಲಿದ್ದರೆ ನೀಲಿ. ಎರಡು ಬೋರ್ಡುಗಳಲ್ಲೂ ಹಸಿರು ಉರಿಯುತ್ತಿರುತ್ತದೆ, ನೀಲಿ ಒಂದರಲ್ಲಿ ಮಾತ್ರ. ನೀಲಿಯಿಲ್ಲದ ಆ ಎರಡನೆಯ ಬೋರ್ಡು ಅಲ್ಲಿ ಏಕಿದೆ ಎಂಬ ಪ್ರಶ್ನೆಗೆ ಉತ್ತರ ‘ಕಂಟ್ರೋಲ್’ ಎಂಬ ಪದದ ಒಳಗೇ ಇದೆ.

ಮಧ್ಯಯುಗದ ಲ್ಯಾಟಿನ್‌ನಲ್ಲಿ ‘ಕಾಂಟ್ರಾರೊಟುಲಸ್’ ಎಂಬ ಪದವಿತ್ತು. ‘ಕಾಂಟ್ರಾ’ ಎಂದರೆ ಎದುರು, ‘ರೊಟುಲಸ್’ ಎಂದರೆ ಸುರುಳಿ. ಆಗಿನ ಯುರೋಪಿನಲ್ಲಿ ಅರಮನೆಯ ಲೆಕ್ಕವನ್ನು ಚರ್ಮದ ಹಾಳೆಗಳ ಮೇಲೆ ಬರೆದು ಸುತ್ತಿಡುತ್ತಿದ್ದರು. ತೆರಿಗೆ ಎತ್ತುವವನ ಬಳಿ ಒಂದು ಸುರುಳಿ. ಅವನು ತಿದ್ದಿದರೆ, ನುಂಗಿದರೆ? ಅದಕ್ಕಾಗಿ ಇನ್ನೊಬ್ಬ ಅದೇ ಲೆಕ್ಕವನ್ನು ಬೇರೊಂದು ಸುರುಳಿಯಲ್ಲಿ ಬರೆದಿಡಬೇಕಿತ್ತು. ವರ್ಷದ ಕೊನೆಗೆ ಎರಡನ್ನೂ ಬಿಚ್ಚಿ ತಾಳೆ ನೋಡುವುದು. ಆ ಎರಡನೆಯ ಸುರುಳಿಯೇ ಕಾಂಟ್ರಾರೊಟುಲಸ್. ಹಳೆಯ ಫ್ರೆಂಚಿನಲ್ಲಿ ಅದು ‘ಕಾಂತ್ರೆರೋಲ್’ ಆಯಿತು, ಇಂಗ್ಲಿಷಿಗೆ ಬಂದು ಸವೆದು ‘ಕಂಟ್ರೋಲ್’ ಆಯಿತು.

ಇಂಗ್ಲಿಷ್ ಕಾವ್ಯದ ಹಿರಿಯ ಜೆಫ್ರಿ ಚಾಸರ್ ಹೊಟ್ಟೆಪಾಡಿಗೆ ಮಾಡಿದ್ದು ಇದೇ ಕೆಲಸ. 1374ರಲ್ಲಿ ಲಂಡನ್ ಬಂದರಿನ ಉಣ್ಣೆ ಮತ್ತು ಚರ್ಮದ ಸುಂಕಕ್ಕೆ ಅವನು ಕಂಟ್ರೋಲರ್ ಆದ. ಹನ್ನೆರಡು ವರ್ಷ ಆ ಹುದ್ದೆಯಲ್ಲಿದ್ದ. ಸುಂಕ ವಸೂಲಿ ಅವನ ಕೆಲಸವಾಗಿರಲಿಲ್ಲ. ವಸೂಲಿ ಮಾಡುವವರ ಲೆಕ್ಕಕ್ಕೆ ಎದುರು ಲೆಕ್ಕ ಇಡುವುದು ಅವನ ಕೆಲಸ. ಆ ಸುರುಳಿಯನ್ನು ಸ್ವಂತ ಕೈಯಲ್ಲೇ ಬರೆಯಬೇಕೆಂದು ನೇಮಕದ ಆಜ್ಞೆಯಲ್ಲಿ ಷರತ್ತಿತ್ತು. ಕವಿಯ ಕೈಯ ಮೇಲಲ್ಲ, ಗುಮಾಸ್ತನ ಕೈಯ ಮೇಲೆ ರಾಜನಿಗೆ ಇದ್ದ ನಂಬಿಕೆ ಅದು. ಆ ಕಂಟ್ರೋಲರನಿಗೆ ಯಾರ ಮೇಲೂ ಅಧಿಕಾರವಿರಲಿಲ್ಲ. ಅವನ ಬಲವೆಲ್ಲ ಅವನ ಬಳಿಯಿದ್ದ ಪ್ರತಿಯಲ್ಲಿತ್ತು.

ಈ ‘ಪ್ರತಿ’ ಎಂಬ ನಮ್ಮ ಮಾತನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕನ್ನಡದಲ್ಲಿ ಪುಸ್ತಕದ ಪ್ರತಿ ಎಂದರೆ ನಕಲು. ಪ್ರತಿವಾದಿ, ಪ್ರತಿಪಕ್ಷ ಎಂದರೆ ಎದುರಾಳಿ. ಒಂದೇ ಪದ ನಕಲನ್ನೂ ಎದುರನ್ನೂ ಹೇಳುತ್ತದೆ. ಎದುರಿಗಿಟ್ಟು ನೋಡುವುದಕ್ಕೆಂದೇ ನಕಲು ಹುಟ್ಟುತ್ತದೆ ಎಂಬ ತಿಳಿವಳಿಕೆ ಈ ಒಂದು ಪದದಲ್ಲಿ ಅಡಗಿದೆ. ಲ್ಯಾಟಿನ್ನಿನ ಗುಮಾಸ್ತರು ಎರಡು ಪದ ಜೋಡಿಸಿ ಹೇಳಿದ್ದನ್ನು ನಾವು ಒಂದರಲ್ಲೇ ಹೇಳುತ್ತೇವೆ. ‘ಪಡಿಯಚ್ಚು’ ಎನ್ನುವಾಗಿನ ‘ಪಡಿ’ಯೂ ಇದೇ ‘ಪ್ರತಿ’ಯ ತದ್ಭವ.

ಆದರೆ ಕಂಟ್ರೋಲಿಗೆ ನಾವು ಆರಿಸಿಕೊಂಡ ಪದ ‘ನಿಯಂತ್ರಣ’. ಅದರ ಹುಟ್ಟು ಬೇರೆ ಕಡೆ. ಸಂಸ್ಕೃತದ ‘ಯಮ್’ ಧಾತುವಿಗೆ ಹಿಡಿ, ತಡೆ ಎಂಬ ಅರ್ಥ. ಹಿಡಿದಿಡುವ ಸಾಧನ ‘ಯಂತ್ರ’. ಕುದುರೆಗಳನ್ನು ಲಗಾಮಿನಲ್ಲಿ ಹಿಡಿದ ಸಾರಥಿ ‘ಯಂತೃ’. ನಿಯಂತ್ರಣದೊಳಗೆ ಸಾರಥಿಯ ಕೈಯಿದೆ. ಇನ್ನು ‘ರೊಟುಲಸ್’ ಬಂದದ್ದು ಚಕ್ರ ಎಂಬ ಅರ್ಥದ ‘ರೋಟ’ದಿಂದ, ನಮ್ಮ ‘ರಥ’ಕ್ಕೆ ಅದು ಒಂದೇ ಬೇರಿನ ದಾಯಾದಿ. ಒಂದು ಪದದಲ್ಲಿ ಗಾಲಿ, ಇನ್ನೊಂದರಲ್ಲಿ ಲಗಾಮು. ಒಂದಕ್ಕೊಂದು ಅನುವಾದವಾಗಿ ನಿಂತ ಈ ಎರಡು ಪದಗಳು ಬೇರಿನಲ್ಲಿ ಒಂದೇ ರಥದ ಬಿಡಿಭಾಗಗಳು ಎಂಬುದು ನನಗೆ ಎಷ್ಟು ಸಲ ನೆನೆದರೂ ಸಂತೋಷ ಕೊಡುವ ಸಂಗತಿ.

ಎದುರು ಸುರುಳಿ ಹಿಡಿದವನು ತಪ್ಪು ಹುಡುಕಬಲ್ಲ. ತಪ್ಪು ಹುಡುಕಬಲ್ಲವನಿಗೆ ಜನ ಹೆದರುತ್ತಾರೆ, ಹೆದರಿಕೆ ಹುಟ್ಟಿದ ಮೇಲೆ ಅಧಿಕಾರ ತಾನಾಗಿ ಬರುತ್ತದೆ. ಇಂಗ್ಲಿಷಿನಲ್ಲಿ ಪದದ ಅರ್ಥ ಜಾರಿದ್ದು ಈ ದಾರಿಯಲ್ಲೇ. ಫ್ರೆಂಚರು ಅಷ್ಟು ಜಾರಲಿಲ್ಲ. ಅವರ ರೈಲಿನಲ್ಲಿ ಟಿಕೆಟ್ ತಪಾಸಣೆಗೆ ಬರುವವನು ಇಂದಿಗೂ ‘ಕಾಂತ್ರೋಲರ್’. ಜರ್ಮನ್ನಿನ ‘ಕಾಂಟ್ರೋಲ್ಲ’ ಎಂದರೂ ಮುಖ್ಯವಾಗಿ ತಪಾಸಣೆಯೇ. ನಮ್ಮ ಸಂವಿಧಾನದ 148ನೇ ವಿಧಿಯ ಸಿಎಜಿ ಹುದ್ದೆಯ ಇಂಗ್ಲಿಷ್ ಹೆಸರಿನಲ್ಲಿ ‘ಕಾಂಪ್ಟ್ರೋಲರ್’ ಎಂಬ ವಿಚಿತ್ರ ಕಾಗುಣಿತವಿದೆ. ಲೆಕ್ಕ ಎಂಬ ಅರ್ಥದ ಫ್ರೆಂಚ್ ‘ಕಾಂಪ್ತ್’ನಿಂದ ಈ ಪದ ಬಂದಿರಬೇಕೆಂದು ಹಿಂದಿನವರು ತಪ್ಪಾಗಿ ಊಹಿಸಿದ್ದರ ಗುರುತು ಅದು. ಕಾಗುಣಿತ ತಪ್ಪಾದರೂ ಕೆಲಸ ಮಾತ್ರ ಹಳೆಯದೇ, ಖರ್ಚು ಮಾಡಿದವರ ಲೆಕ್ಕವನ್ನು ತಾಳೆ ನೋಡುವುದು.

ಕಂಟ್ರೋಲ್ ಮತ್ತು ಬೋರ್ಡ್ ಎಂಬ ಎರಡು ಪದಗಳು ಒಟ್ಟಾಗಿ ನಮ್ಮ ಚರಿತ್ರೆಗೆ ಬಂದದ್ದು 1784ರಲ್ಲಿ. ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ಮಂಗಳೂರಿನ ಒಪ್ಪಂದವಾದ ವರ್ಷ ಅದು. ಅದೇ ವರ್ಷ ಬ್ರಿಟಿಷ್ ಸಂಸತ್ತು ಪಿಟ್‌ನ ಇಂಡಿಯಾ ಕಾಯಿದೆಯ ಮೂಲಕ ಆ ಕಂಪನಿಯ ಮೇಲೆ ‘ಬೋರ್ಡ್ ಆಫ್ ಕಂಟ್ರೋಲ್’ ಒಂದನ್ನು ಕೂರಿಸಿತು. ಆ ಮಂಡಳಿ ವ್ಯಾಪಾರ ಮಾಡುತ್ತಿರಲಿಲ್ಲ, ಹಡಗು ನಡೆಸುತ್ತಿರಲಿಲ್ಲ. ಕಂಪನಿಯ ನಿರ್ದೇಶಕರು ಭಾರತಕ್ಕೆ ಕಳಿಸುವ, ಭಾರತದಿಂದ ಪಡೆಯುವ ಪತ್ರಗಳ ಪ್ರತಿಗಳು ಅದರ ಮೇಜಿಗೆ ಬರಬೇಕಿತ್ತು. ಅಲ್ಲಿ ತಿದ್ದಿಸಿಕೊಂಡೇ ಆಜ್ಞೆಗಳು ಹೊರಡಬೇಕಿತ್ತು. ಪ್ರತಿ ಇಟ್ಟುಕೊಳ್ಳುವ ಹಳೆಯ ಅರ್ಥವೂ ಲಗಾಮು ಹಿಡಿಯುವ ಹೊಸ ಅರ್ಥವೂ ಆ ಮಂಡಳಿಯಲ್ಲಿ ಒಟ್ಟಿಗಿದ್ದವು. 1858ರಲ್ಲಿ ಅದು ಮುಗಿಯಿತು, ಹೆಸರಿನ ಮಾದರಿ ಉಳಿಯಿತು. 1928ರಲ್ಲಿ ಹುಟ್ಟಿದ ಕ್ರಿಕೆಟ್ ಮಂಡಳಿ ಬಿಸಿಸಿಐನ ಮೊದಲೆರಡು ಅಕ್ಷರಗಳಾದ ಬಿ, ಸಿ ಹೇಳುವುದೂ ಬೋರ್ಡ್ ಆಫ್ ಕಂಟ್ರೋಲ್ ಎಂದೇ. ಬೆಂಗಳೂರಿನ ಕ್ರೀಡಾಂಗಣಕ್ಕೆ ಹೆಸರಾದ ಎಂ. ಚಿನ್ನಸ್ವಾಮಿ ಆ ‘ಕಂಟ್ರೋಲ್ ಬೋರ್ಡ್’ನ ಅಧ್ಯಕ್ಷರಾಗಿದ್ದರು.

‘ಬೋರ್ಡ್’ನ ಕತೆ ಚಿಕ್ಕದು. ಮೊದಲು ಹಲಗೆ, ಆಮೇಲೆ ಹಲಗೆಯ ಮೇಜು, ಆಮೇಲೆ ಮೇಜಿನ ಸುತ್ತ ಕೂತವರ ಮಂಡಳಿ. ರೂಟರಿನ ಬೋರ್ಡು ಮತ್ತೆ ಮೊದಲ ಅರ್ಥಕ್ಕೇ ಮರಳಿ ಹಲಗೆಯಾಗಿದೆ, ಮರದ ಬದಲು ಗಾಜಿನ ನಾರು ಮತ್ತು ತಾಮ್ರದ ಗೆರೆಗಳ ಹಲಗೆ.

ಎದುರು ಸುರುಳಿ ಟೆಲಿಫೋನಿನ ಯಂತ್ರಲೋಕಕ್ಕೂ ಬಂತು. 1965ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಸಕಸನ್ನಾ ಎಂಬ ಊರಿನಲ್ಲಿ ಬೆಲ್ ಸಂಸ್ಥೆಯ ಮೊದಲ ದೊಡ್ಡ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಕೆಲಸ ಆರಂಭಿಸಿತು. ನಲವತ್ತು ವರ್ಷಗಳಲ್ಲಿ ಎರಡು ಗಂಟೆಗಿಂತ ಹೆಚ್ಚು ನಿಲ್ಲಬಾರದು ಎಂಬುದು ಅದಕ್ಕೆ ಇಟ್ಟ ಗುರಿ. ಅದರ ಮಿದುಳಿನ ಹೆಸರು ‘ಸೆಂಟ್ರಲ್ ಕಂಟ್ರೋಲ್’. ಅದನ್ನು ಎರಡಾಗಿ ಮಾಡಿ ಇಟ್ಟಿದ್ದರು. ಎರಡೂ ಒಂದೇ ಕೆಲಸವನ್ನು ಒಂದೇ ಹೆಜ್ಜೆಯಲ್ಲಿ ಮಾಡುತ್ತಿದ್ದವು, ಅವುಗಳ ಉತ್ತರಗಳನ್ನು ತಾಳೆ ನೋಡುವ ಮಂಡಲಗಳು ಬೇರೆ ಇದ್ದವು. ಉತ್ತರ ಬೇರೆಯಾದರೆ ಎಲ್ಲೋ ದೋಷವಿದೆ ಎಂದರ್ಥ. ಲಂಡನ್ ಬಂದರಿನ ಸುಂಕದ ಕಟ್ಟೆಯಲ್ಲಿ ಚಾಸರ್ ಮಾಡಿದ್ದನ್ನೇ ಇಲ್ಲಿ ಟ್ರಾನ್ಸಿಸ್ಟರುಗಳು ಮಾಡುತ್ತಿದ್ದವು.

ನಮ್ಮಲ್ಲಿ ಆ ಪರಂಪರೆಯ ಎಲೆಕ್ಟ್ರಾನಿಕ್ ಹಲಗೆಗಳು ಹಳ್ಳಿಗೆ ಕಾಲಿಟ್ಟದ್ದು ಕಿತ್ತೂರಿನಲ್ಲಿ. ಸಿ-ಡಾಟ್ ಸಂಸ್ಥೆ ದೇಶದಲ್ಲೇ ರೂಪಿಸಿದ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಚಾಲೂ ಆದದ್ದು ಅಲ್ಲಿ, 1986ರಲ್ಲಿ. ಹವಾನಿಯಂತ್ರಣವಿಲ್ಲದೆ, ಬಿಸಿಲು ದೂಳಿನ ನಡುವೆ ನಿಲ್ಲಬಲ್ಲಂತೆ ಅದನ್ನು ಕಟ್ಟಿದ್ದರು. ಚೆನ್ನಮ್ಮನ ಊರಿನ ಈ ಸಂಗತಿ ನಮ್ಮ ಶಾಲೆಯ ಪುಸ್ತಕಗಳಲ್ಲಿ ಇರಬೇಕಾದದ್ದು.

ರೂಟರಿನಲ್ಲಿ ಪದ್ಧತಿ ತುಸು ಬದಲಾಗಿದೆ. ಎರಡೂ ಎಂಜಿನ್ನು ಒಟ್ಟಿಗೆ ಹೆಜ್ಜೆ ಹಾಕುವುದಿಲ್ಲ. ಯಜಮಾನ ದಾರಿಗಳನ್ನು ಲೆಕ್ಕ ಹಾಕುತ್ತದೆ, ಇನ್ನೊಂದು ಅದರ ಸ್ಥಿತಿಯ ಪ್ರತಿಯನ್ನು ಬಿಡದೆ ಬರೆದುಕೊಳ್ಳುತ್ತಿರುತ್ತದೆ. ಯಜಮಾನನಿಂದ ‘ಇದ್ದೇನೆ’ ಎಂಬ ಸಂಜ್ಞೆ ಬರುತ್ತಲೇ ಇರಬೇಕು. ಸರಾಗ ಹಸ್ತಾಂತರದ ಏರ್ಪಾಡು ಚಾಲನೆಯಲ್ಲಿದ್ದರೆ, ಎರಡು ಸೆಕೆಂಡು ಸಂಜ್ಞೆ ಬಾರದಿದ್ದರೆ ಸಾಕು, ಎರಡನೆಯದು ಅಧಿಕಾರ ವಹಿಸಿಕೊಳ್ಳುತ್ತದೆ. ನೀಲಿ ದೀಪ ಒಂದು ಬೋರ್ಡಿನಲ್ಲಿ ಆರಿ ಇನ್ನೊಂದರಲ್ಲಿ ಹತ್ತುತ್ತದೆ. ಪ್ಯಾಕೆಟ್ಟುಗಳು ಹರಿಯುತ್ತಲೇ ಇರುತ್ತವೆ, ಫೋನಿನಲ್ಲಿ ಮಾತಾಡುತ್ತಿದ್ದವರಿಗೆ ಏನೂ ತಿಳಿಯುವುದಿಲ್ಲ. ಪ್ರತಿ ಇಡುವ ಏರ್ಪಾಡು ಇಲ್ಲದಿದ್ದರೆ ಎರಡನೆಯ ಎಂಜಿನ್ನು ಎಲ್ಲವನ್ನೂ ಸೊನ್ನೆಯಿಂದ ಕಲಿಯಬೇಕು, ಅಷ್ಟು ಹೊತ್ತು ಊರು ಮೌನ. ಇಲ್ಲಿ ಕಂಟ್ರೋಲನ್ನು ಉಳಿಸುವುದು ಬಲವಲ್ಲ, ಎರಡನೆಯ ಸುರುಳಿ.

ದೀಪಗಳ ಬಗ್ಗೆಯೂ ಒಂದು ಮಾತು. ರೂಟರಿನ ಮುಂಭಾಗದ ಫಲಕದಲ್ಲಿ ಕೆಂಪು ಮತ್ತು ಹಳದಿ ಅಲಾರಂ ದೀಪಗಳಿವೆ, ಪಕ್ಕದಲ್ಲೊಂದು ಗುಂಡಿ. ಒತ್ತಿದರೆ ಅಲಾರಂ ಸುಮ್ಮನಾಗುತ್ತದೆ, ಆದರೆ ದೋಷ ಸರಿಯಾಗುವ ತನಕ ಯಂತ್ರದ ದಾಖಲೆಯಲ್ಲಿ ಅದು ಅಳಿಯುವುದಿಲ್ಲ. ದೀಪ ಆರಿಸುವವನ ಕೈಗೆ ಎದುರಾಗಿ ಅಲ್ಲೂ ಒಂದು ಬರಹ ಉಳಿದಿರುತ್ತದೆ. ಅದೇ ಗುಂಡಿಯನ್ನು ಒತ್ತಿ ಹಿಡಿದರೆ ಫಲಕದ ದೀಪಗಳೆಲ್ಲ ಒಮ್ಮೆಗೇ ಉರಿಯುತ್ತವೆ. ಆರಿದ ಕೆಂಪು ದೀಪ ‘ಎಲ್ಲ ಕ್ಷೇಮ’ ಎನ್ನುತ್ತಿದೆಯೋ ಅಥವಾ ದೀಪವೇ ಸತ್ತಿದೆಯೋ ಎಂದು ತಿಳಿಯಲು ಇದೊಂದು ದಾರಿ. ತಪಾಸಣೆ ಮಾಡುವ ದೀಪಕ್ಕೂ ತಪಾಸಣೆ ಬೇಕೆಂದು ಅರಿತವರು ಇಟ್ಟ ಗುಂಡಿ ಅದು. ಇನ್ನು ಕೆಂಪು ಎಲ್‌ಇಡಿ 1962ರಷ್ಟು ಹಳೆಯದು. ಪ್ರಖರ ನೀಲಿ ಬೆಳಕಿಗೆ ಜಗತ್ತು 1990ರ ದಶಕದವರೆಗೆ ಕಾಯಬೇಕಾಯಿತು, ಆ ಸಾಧನೆಗೆ ಜಪಾನಿನಲ್ಲಿ ಹುಟ್ಟಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಂತು. ಆ ಬಣ್ಣವನ್ನೇ ಇಲ್ಲಿ ಯಜಮಾನನ ಗುರುತಿಗೆ ಇಟ್ಟಿದ್ದಾರೆ.

ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ಪಾಠಗಳು ಈಗ ಕನ್ನಡಕ್ಕೆ ಬರುತ್ತಿವೆ. ಅವುಗಳನ್ನು ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಕಂಟ್ರೋಲ್ ಬೋರ್ಡ್ ಎಂಬ ಹೆಸರನ್ನು ಹಾಗೆಯೇ ಬಿಡಿ, ಕೆಲಸಗಾರರ ಬಾಯಲ್ಲಿ ಇರುವುದು ಅದೇ. ಆದರೆ ಅದು ಏನು ಮಾಡುತ್ತದೆ ಎಂದು ವಿವರಿಸುವ ಮೊದಲ ಸಾಲಿನಲ್ಲಿ ‘ನಿಯಂತ್ರಿಸುತ್ತದೆ’ ಎಂದಷ್ಟೇ ಬರೆದು ಮುಂದೆ ಹೋಗಬೇಡಿ. ‘ಪ್ರತಿ ಇಟ್ಟುಕೊಂಡ ಎಂಜಿನ್ನಿಗೆ ಜೊತೆಯಾಗಿದ್ದು, ಯಜಮಾನ ಯಾವುದೆಂದು ತೀರ್ಮಾನಿಸುತ್ತದೆ’ ಎಂದೂ ಸೇರಿಸಿ. ಒಂದೇ ಗೂಡಿನಲ್ಲಿ ಎರಡು ಬೋರ್ಡು ಏಕೆ ಬೇಕು ಎಂಬುದು ಆಗ ವಿದ್ಯಾರ್ಥಿಗೆ ತಾನಾಗಿ ಹೊಳೆಯುತ್ತದೆ.