ತರ್ಕದ ತರಗತಿಯಿಂದ ಬಂದ ಚಲನೆಯ ಪಾಠ

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಸರಳರೇಖೆಯ ಚಲನೆ ಮೊದಲು, ಬಲ ಮತ್ತು ನ್ಯೂಟನ್ನನ ನಿಯಮಗಳು ಆಮೇಲೆ. ವಸ್ತು ಏಕೆ ಚಲಿಸುತ್ತದೆ ಎಂದು ಕೇಳುವ ಮುನ್ನ ಹೇಗೆ ಚಲಿಸುತ್ತದೆ ಎಂದು ಕಲಿಯಬೇಕು. ವೇಗ-ಕಾಲ ನಕ್ಷೆ ಬರೆದು, ಗೆರೆಯ ಕೆಳಗಿನ ವಿಸ್ತೀರ್ಣದಿಂದ ದೂರ ತೆಗೆಯಬೇಕು. ಇದೆಲ್ಲ ಗೆಲಿಲಿಯೊನ ಪ್ರಯೋಗಗಳ ಕೊಡುಗೆಯೆಂಬುದು ರೂಢಿಯ ನಂಬಿಕೆ. ನಿಜದಲ್ಲಿ ಈ ಪಾಠದ ಬೇರು ಅವನ 1638ರ ಗ್ರಂಥಕ್ಕಿಂತ 300 ವರ್ಷ ಹಿಂದಿನದು. ಅದು ಇರುವುದು ಪ್ರಯೋಗದ ಗಂಧಗಾಳಿಯೂ ಇಲ್ಲದ ತರ್ಕದ ತರಗತಿಯಲ್ಲಿ.

ಆಕ್ಸ್‌ಫರ್ಡ್‌ನ ಮರ್ಟನ್ ಕಾಲೇಜಿನ ವಿಲಿಯಂ ಹೈಟ್ಸ್‌ಬರಿ 1335ರಲ್ಲಿ ಒಂದು ಪುಸ್ತಕ ಬರೆದ. ಅದು ಮೊದಲ ವರ್ಷದ ತರ್ಕ ವಿದ್ಯಾರ್ಥಿಗಳಿಗಾಗಿ, ವಾದದ ಸಿಕ್ಕುಗಳನ್ನು ಬಿಡಿಸುವ ಕೈಪಿಡಿ. ‘ನಾನು ಹೇಳುತ್ತಿರುವುದು ಸುಳ್ಳು’ ಎಂಬಂಥ ಒಗಟುಗಳಿಂದ ಹೊರಟು ಕೊನೆಯ ಅಧ್ಯಾಯದಲ್ಲಿ ಅದು ಚಲನೆಗೆ ಬಂದು ನಿಲ್ಲುತ್ತದೆ. ಒಂದೇ ಸಮನೆ ವೇಗ ಹೆಚ್ಚಿಸಿಕೊಳ್ಳುತ್ತ ಹೋಗುವ ವಸ್ತು, ಅದರ ನಡುಗಾಲದ ವೇಗದಲ್ಲೇ ಉದ್ದಕ್ಕೂ ಸಾಗಿದ ಇನ್ನೊಂದು ವಸ್ತುವಿನಷ್ಟೇ ದೂರ ಕ್ರಮಿಸುತ್ತದೆ ಎಂಬ ಸೂತ್ರ ಅಲ್ಲಿದೆ. ನಿಶ್ಚಲತೆಯಿಂದ ಹೊರಟದ್ದು ಕಾಲದ ಎರಡನೆಯ ಅರ್ಧದಲ್ಲಿ ಮೊದಲರ್ಧದ ಮೂರು ಪಟ್ಟು ಸಾಗುತ್ತದೆ ಎಂಬ ಮಾತೂ ಇದೆ. ಒಂದು ಗುಂಡನ್ನೂ ಉರುಳಿಸದೆ ಪಡೆದ ಫಲಿತಾಂಶಗಳಿವು. ಸುಮಾರು 1350ರ ಹೊತ್ತಿಗೆ ಪ್ಯಾರಿಸ್‌ನ ನಿಕೊಲ್ ಒರೆಮ್ ಇದಕ್ಕೆ ಚಿತ್ರ ಕೊಟ್ಟ: ಅಡ್ಡಗೆರೆ ಕಾಲ, ಅದರ ಮೇಲೆ ನಿಂತ ಗೆರೆಗಳು ವೇಗ. ಹೀಗೆ ಮೂಡಿದ ತ್ರಿಕೋನ, ಅರ್ಧ ಎತ್ತರದ ಆಯತಕ್ಕೆ ಸಮ. ಇಂದಿನ ಮೇಷ್ಟರು ಕಪ್ಪುಹಲಗೆಯ ಮೇಲೆ ಎಳೆಯುವುದು ಹೆಚ್ಚುಕಡಿಮೆ ಇದೇ ಚಿತ್ರವನ್ನು.

ಇದು ಬರಿಯ ಬುದ್ಧಿಯ ಕಸರತ್ತು, ಪ್ರಕೃತಿಯನ್ನು ಅಳೆದವನು ಗೆಲಿಲಿಯೊ ತಾನೆ ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಮರ್ಟನ್ನಿನವರು ಬೀಳುವ ಕಲ್ಲಿಗೆ ತಮ್ಮ ಸೂತ್ರ ಹಚ್ಚಲಿಲ್ಲ. ಬೀಳುವಿಕೆಯೂ ಇಂಥದೇ ಚಲನೆ ಎಂದವನು ಹದಿನಾರನೆಯ ಶತಮಾನದ ಸ್ಪೇನಿನ ದೊಮಿಂಗೊ ದೆ ಸೊಟೊ. ಆದರೆ ಗೆಲಿಲಿಯೊನ ಪ್ರಯೋಗವನ್ನೇ ಗಮನಿಸಿ. ಮರದ ಇಳಿಜಾರು ಕಾಲುವೆಯಲ್ಲಿ ಕಂಚಿನ ಗುಂಡು ಉರುಳಿಸಿ, ಸೋರಿದ ನೀರನ್ನು ತೂಗಿ ಅವನು ಅಳೆದದ್ದು ದೂರ ಮತ್ತು ಕಾಲವನ್ನು ಮಾತ್ರ. ಕ್ಷಣಕ್ಷಣದ ವೇಗವನ್ನು ಅಳೆಯುವ ಸಾಧನ ಅವನ ಬಳಿ ಇರಲಿಲ್ಲ. ವೇಗ ಸಮನಾಗಿ ಏರುತ್ತಿದೆ ಎಂಬ ಊಹೆಯನ್ನು ದೂರ ಕಾಲದ ವರ್ಗದಂತೆ ಬೆಳೆಯುತ್ತದೆ ಎಂಬ ಅಳತೆಗೆ ಜೋಡಿಸಲು ಆ ಹಳೆಯ ಸೂತ್ರವೇ ಬೇಕು. 1638ರ ಅವನ ಗ್ರಂಥದಲ್ಲಿ ವೇಗೋತ್ಕರ್ಷದ ಚಲನೆಯ ಮೊದಲ ಪ್ರಮೇಯವೂ ಅದೇ, ಪಕ್ಕದ ಚಿತ್ರವೂ ತ್ರಿಕೋನ ಮತ್ತು ಆಯತ. ಹೈಟ್ಸ್‌ಬರಿಯ ಪುಸ್ತಕ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾಗಿತ್ತು. ಗೆಲಿಲಿಯೊ 18 ವರ್ಷ ಪಾಠ ಹೇಳಿದ ಪಾದುವಾ ಅಲ್ಲೇ ಹತ್ತಿರ. ಅವನ ಹಿರಿಮೆಗೆ ಇದರಿಂದ ಕುಂದಿಲ್ಲ. ಅಳೆದು ನೋಡಬೇಕೆಂದು ಹೊರಟಿದ್ದೇ ದೊಡ್ಡ ಮಾತು.

ಮೂಲ ಎಲ್ಲಿದ್ದರೇನು, ‘ಹೇಗೆ’ ಮೊದಲು ‘ಏಕೆ’ ಆಮೇಲೆ ಎಂಬುದು ಕಲಿಕೆಗೆ ಸುಲಭದ ಕ್ರಮವಲ್ಲವೆ ಎಂಬುದು ಅಧ್ಯಾಪಕರ ವಾದ. ಗಣಿತದ ಮಟ್ಟಿಗೆ ಹೌದು. ಆದರೆ ಕಾರಣದ ಕಡೆಯಿಂದ ಒಂದು ವಿಚಾರ, ಪರಿಣಾಮದ ಕಡೆಯಿಂದ ಇನ್ನೊಂದು ಎಂದು ಮರ್ಟನ್ನಿನ ಪರಂಪರೆಗೆ ದಾರಿ ಹಾಕಿದ, ಅದೇ ಕಾಲೇಜಿನ ಬ್ರಾಡ್ವರ್ಡಿನ್, ತನ್ನ 1328ರ ಗ್ರಂಥದಲ್ಲಿ ಬಲ ಮತ್ತು ತಡೆಗಳ ಚರ್ಚೆಯನ್ನೇ ಮುಂದಿಟ್ಟಿದ್ದ. ಅಲ್ಲಿನ ಹುಡುಗರಿಗೆ ಅರಿಸ್ಟಾಟಲನ ಕಾರಣಮೀಮಾಂಸೆ, ಅದು ತಪ್ಪೇ ಇರಲಿ, ಪಾಠದ ಭಾಗವಾಗಿತ್ತು. ನಮ್ಮ ಹುಡುಗರು ಚಲನೆಗೆ ಸದಾ ಒಂದು ನೂಕು ಬೇಕೆಂಬ ಅದೇ ಅರಿಸ್ಟಾಟಲನ ಎಣಿಕೆಯನ್ನು ಬಾಯಿಬಿಟ್ಟು ಹೇಳದೆ ಹೊತ್ತು ಬರುತ್ತಾರೆ. ಯಾರೂ ಅದನ್ನು ಕೆದಕದಿದ್ದರೆ ಸಮೀಕರಣಗಳನ್ನು ಬಾಯಿಪಾಠ ಮಾಡಿ ಪಾಸಾಗುತ್ತಾರೆ. ಮರ್ಟನ್ನಿನ ಸೂತ್ರವನ್ನು ಉಳಿಸಿಕೊಂಡ ನಾವು ಅದರ ಜೊತೆಗಿದ್ದ ‘ಏಕೆ’ ಎಂಬ ವಾದವನ್ನು ಕೈಬಿಟ್ಟಿದ್ದೇವೆ. ಭೌತಶಾಸ್ತ್ರದ ಅಧ್ಯಾಪಕರು ಚಲನೆಯ ಪಾಠದ ಮೊದಲ ಒಂದು ಗಂಟೆಯನ್ನಾದರೂ ಆ ವಾದಕ್ಕೆ ಬಿಟ್ಟುಕೊಡಲಿ.